ತಂತಿ ಮುಗಿಯುವ ಎಡೆ

ಭೀಮಾ ನದಿಯೂ ಕೃಷ್ಣಾ ನದಿಯೂ ಒಂದಾಗಿ ಹರಿಯುವುದಕ್ಕೆ ಮುನ್ನ ತಮ್ಮ ನಡುವೆ ಅಪ್ಪಿಕೊಂಡಿರುವ ಎರೆಮಣ್ಣಿನ ಸೀಮೆಯಲ್ಲಿ ವಡಗೇರಾ ಎಂಬ ಊರಿದೆ. ಮೊನ್ನೆ ಮೊನ್ನೆಯವರೆಗೆ ಶಹಾಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು ಈಗ ತಾನೇ ಒಂದು ತಾಲ್ಲೂಕಿನ ಕಸಬೆಯೆನಿಸಿಕೊಂಡಿರುವ ಈ ಊರಿಗೆ ಯಾದಗಿರಿಯಿಂದ ಬರುವವರು ಭೀಮೆಯನ್ನು ದಾಟಬೇಕು; ದೇವದುರ್ಗದ ಕಡೆಯಿಂದ ಬರುವವರು ಕೃಷ್ಣೆಯನ್ನು ದಾಟಬೇಕು. ಪಡುವಣ ದಿಕ್ಕಿನಲ್ಲಿ ಶಹಾಪುರ ಸುರಪುರಗಳ ಗುಡ್ಡಸಾಲು ಅಡ್ಡವಾಗಿ ನಿಂತಿದೆ. ಹೀಗಾಗಿ ಈ ನಾಡಿಗೆ ಹೊರಗಿನ ಸುದ್ದಿಯಾಗಲಿ ಹೊರಗಿನ ದಂಡಾಗಲಿ ಹೊಳೆಯನ್ನೋ ಗುಡ್ಡವನ್ನೋ ಹಾಯದೆ ಬಂದದ್ದಿಲ್ಲ. ಮತ್ತು ದಂಡು ಎಷ್ಟೇ ದೊಡ್ಡದಾಗಿರಲಿ, ಅದಕ್ಕಿಂತ ಮುಂಚೆ ಸುದ್ದಿ ಹಾಯ್ದಿತೋ ಹಿಂದುಳಿಯಿತೋ ಎಂಬುದರ ಮೇಲೆಯೇ ಇಲ್ಲಿಯ ಕಾಳಗಗಳ ಗತಿ ನಿಂತಿತ್ತೆಂದು ಚರಿತ್ರೆಯನ್ನು ಓದಿದವರಿಗೆ ತೋರದಿರದು.

ಹಿಂದಿನ ಕಾಲದ ವಾರ್ತಾಜಾಲಗಳನ್ನು ಇಂದಿನ ಸೈನ್ಯವ್ಯವಸ್ಥೆಯೊಳಕ್ಕೆ ಅಳವಡಿಸಿಕೊಳ್ಳುವ ಪರಿಯನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ದೂರದೇಶಗಳ ಉದಾಹರಣೆಗಳನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಮನೆಯಂಗಳದಿಂದಲೇ ಹೊರಡುವುದು ಲೇಸೆಂದು ನನಗೆ ಅನಿಸಿತು. ಸಾಮಾನ್ಯರ ಕಲ್ಪನೆಯಲ್ಲಿ ಹೊಸ ಯಂತ್ರ ಬಂದೊಡನೆ ಹಳೆಯದು ಮೂಲೆಗೆ ಸೇರುತ್ತದೆ: ಓಟಗಾರನ ಬಳಿಕ ತಂತಿ, ತಂತಿಯ ಬಳಿಕ ನಿಸ್ತಂತು, ನಿಸ್ತಂತುವಿನ ಬಳಿಕ ಉಪಗ್ರಹ. ಸೈನ್ಯಗಳ ನಿಜವಾದ ನಡೆವಳಿ ಹಾಗಿಲ್ಲ. ಯಾವ ಸೈನ್ಯವೂ ಒಂದು ವಾರ್ತಾಮಾರ್ಗವನ್ನು ಸುಲಭವಾಗಿ ಕೈಬಿಡುವುದಿಲ್ಲ. ಹೊಸದನ್ನು ಹಳೆಯದರ ಮೇಲೆ ಹಾಸುತ್ತದೆ, ಪಕ್ಕದಲ್ಲಿ ಜೋಡಿಸುತ್ತದೆ, ಒಮ್ಮೊಮ್ಮೆ ಹಳೆಯದರ ತುದಿಗೆ ಗಂಟುಹಾಕುತ್ತದೆ. ನಮ್ಮ ಕಡೆಯ ಹೆಂಗಸರು ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿಯುವಂತೆ ಇದು. ಮತ್ತು ಕೌದಿ ಮೊದಲು ಹರಿಯುವುದು ಬಟ್ಟೆಯ ನಡುವೆ ಅಲ್ಲ, ಹೊಲಿಗೆಯ ಗೆರೆಯಲ್ಲಿ.

ಕ್ರಿಸ್ತಶಕ 1705ನೆಯ ವರ್ಷದ ಫೆಬ್ರವರಿ ತಿಂಗಳಿನಲ್ಲಿ ಔರಂಗಜೇಬ ಪಾದಶಹನು ಸುರಪುರದ ಸಮೀಪದ ವಾಗಣಗೇರಾ ಕೋಟೆಯ ಮುಂದೆ ಬಂದು ಬೀಡುಬಿಟ್ಟನು. ಬಿಜಾಪುರವನ್ನು 1686ರಲ್ಲಿಯೂ ಗೋಲ್ಕೊಂಡವನ್ನು 1687ರಲ್ಲಿಯೂ ನುಂಗಿದ ಚಕ್ರವರ್ತಿ, ತೊಂಬತ್ತರ ಸಮೀಪದ ಮುದುಕ, ಪಿಡ್ಡನಾಯಕನೆಂಬ ಬೇಡ ನಾಯಕನೊಬ್ಬನ ಕಲ್ಲುಕೋಟೆಯ ಮುಂದೆ ಎರಡೂವರೆ ತಿಂಗಳಿಗೂ ಮಿಕ್ಕಿ ಕಾಯಬೇಕಾಯಿತು. ಅವನ ಕೈಯಲ್ಲಿದ್ದ ಸುದ್ದಿಯ ಏರ್ಪಾಡು ಆ ಕಾಲಕ್ಕೆ ಲೋಕದಲ್ಲಿಯೇ ಎಣೆಯಿಲ್ಲದ್ದೆನ್ನಬಹುದು. ಪ್ರತಿಯೊಂದು ಸುಭಾದಲ್ಲಿಯೂ ಪ್ರತಿಯೊಂದು ದಂಡಿನಲ್ಲಿಯೂ ವಾಕಿಯಾನವೀಸನೆಂಬ ಬಹಿರಂಗದ ವರದಿಗಾರನು ಒಬ್ಬನು. ಅವನು ಬರೆದದ್ದು ದಿಟವೋ ಸಟೆಯೋ ಎಂದು ನೋಡಲು ಸವಾನಿಹ್‌ನಿಗಾರನು ಇನ್ನೊಬ್ಬನು. ಇವರಿಬ್ಬರಿಗೂ ತಿಳಿಯದಂತೆ ಬರೆಯುವ ಖುಫಿಯಾನವೀಸನು ಮತ್ತೊಬ್ಬನು. ಇವರೆಲ್ಲರ ಹೊರಗೆ, ಕಾಲ್ನಡೆಯಲ್ಲಿ ಸುತ್ತಿ ಬಾಯಿಮಾತನ್ನೂ ಕಾಗದವನ್ನೂ ತರುವ ಹರಿಕಾರರು. ಬರೆದ ಕಾಗದಗಳು ಬಿದಿರಿನ ಕೊಳವೆಗಳಲ್ಲಿ ಮುದ್ರೆಯಾಗಿ, ಚೌಕಿಯಿಂದ ಚೌಕಿಗೆ ಓಟಗಾರರ ಕೈಬದಲಾಗಿ, ಡಾಕುಚೌಕಿಯ ದಾರೋಗನ ಮೂಲಕ ಪಾದಶಹನ ಸನ್ನಿಧಿಯನ್ನು ಸೇರುತ್ತಿದ್ದವು. ರಾತ್ರಿಯ ವೇಳೆಯಲ್ಲಿ ಅಂತಃಪುರದ ಸ್ತ್ರೀಯರು ಅವನ್ನು ಅವನಿಗೆ ಓದಿಹೇಳುತ್ತಿದ್ದರೆಂದು ಇಟಲಿಯ ಮನುಚ್ಚಿ ಬರೆದಿಟ್ಟಿದ್ದಾನೆ.

ಆದರೆ ದಕ್ಷಿಣಕ್ಕೆ ಬಂದ ಮೊಗಲರು ಈ ದೊಡ್ಡ ಏರ್ಪಾಡನ್ನು ಬರಿಯ ನೆಲದ ಮೇಲೆ ಕಟ್ಟಲಿಲ್ಲ. ಬಿಜಾಪುರದವರ ಕಾಲದಿಂದ ಪರಗಣೆಗಳಲ್ಲಿ ಬೇರೂರಿದ್ದ ದೇಸಾಯಿಗಳನ್ನೂ ದೇಶಪಾಂಡೆಗಳನ್ನೂ ಊರಿನ ಕುಲಕರ್ಣಿಗಳನ್ನೂ ಹಾಗೆಯೇ ಇಟ್ಟುಕೊಂಡರು. ಫಾರಸಿ ಬರೆಯುವ ವರದಿಗಾರನ ಮೊದಲನೆಯ ಕಿವಿ ಈ ಕನ್ನಡದ ಕುಳಗಳೇ ಆಗಿದ್ದವು. ಹೊಲಿಗೆ ಬಿದ್ದದ್ದು ಇಲ್ಲಿ. ಮುತ್ತಿಗೆ ಬಿಗಿಯಾಗುತ್ತಿದ್ದಾಗ ಕಾಶ್ಮೀರದ ತಿರುಗುವ್ಯಾಪಾರಿಯೊಬ್ಬನು ನಾಯಕನ ಸಂಧಿಪತ್ರವೊಂದನ್ನು ಹಿಡಿದು ಪಾದಶಹನ ಬೀಡಿಗೆ ಬಂದನು, ಮಾತುಕತೆ ನಡೆಯಿತು, ಮೊಗಲ ಸರದಾರನೊಬ್ಬನು ಕೋಟೆಯೊಳಕ್ಕೂ ಹೋದನು, ಆಮೇಲೆ ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಅವನು ಮರಾಠರೊಡನೆ ಓಡಿಹೋದನೆಂಬ ವಾರ್ತೆ ಹೊರಟಿತು. ಅದು ಸುಳ್ಳು. ನಾಯಕನು ಒಳಗೇ ಇದ್ದನು, ಅವನಿಗೆ ಬೇಕಾಗಿದ್ದದ್ದು ಕಾಲಾವಕಾಶ. ನಾಲ್ಕು ಬಗೆಯ ವರದಿಗಾರರು ಒಬ್ಬರನ್ನೊಬ್ಬರು ಪರೀಕ್ಷಿಸುತ್ತಿದ್ದರೂ, ನಾಲ್ವರಿಗೂ ಸುದ್ದಿ ಒಂದೇ ಕಿಂಡಿಯಿಂದ ಬರುತ್ತಿದ್ದಾಗ ಆ ಪರೀಕ್ಷೆಗೆ ಬೆಲೆಯೆಷ್ಟು? ಏಪ್ರಿಲ್ ಕೊನೆಯಲ್ಲಿ ಕೋಟೆ ಮೊಗಲರ ಕೈಸೇರಿದಾಗ ನಾಯಕನು ಅಲ್ಲಿರಲಿಲ್ಲ. ಗೆದ್ದ ಕೋಟೆಗೆ ಪಾದಶಹನು ರಹಮಾನ್‌ಬಕ್ಷ್ ಎಂದು ಹೆಸರಿಟ್ಟನು. ಸುರಪುರದ ಸೀಮೆಯಲ್ಲಿ ಆ ಹೆಸರು ಇಂದು ಯಾರ ನಾಲಗೆಯ ಮೇಲೂ ಇಲ್ಲವೆಂಬುದನ್ನು ಮಾತ್ರ ಹೇಳಿ ಮುಂದಕ್ಕೆ ಹೋಗುತ್ತೇನೆ.

ಎರಡನೆಯ ಪ್ರಸಂಗ ನೂರೈವತ್ತು ವರ್ಷಗಳ ಅನಂತರದ್ದು. 1857ರ ಸಿಪಾಯಿ ದಂಗೆಯ ಹೊತ್ತಿಗೆ ಓಶಾಘ್ನೆಸ್ಸಿ ಎಂಬ ವೈದ್ಯನ ಸಾಹಸದಿಂದ ಕಲ್ಕತ್ತ, ಆಗ್ರಾ, ಮುಂಬಯಿ, ಮದರಾಸುಗಳು ವಿದ್ಯುತ್ತಂತಿಯಿಂದ ಕೂಡಿದ್ದವು. 1855ರ ಆರಂಭದಲ್ಲಿ ಅದು ಸಾರ್ವಜನಿಕರಿಗೂ ತೆರೆದಿತ್ತು. ಆಂಗ್ಲರನ್ನು ಆ ತಂತಿಯೇ ಉಳಿಸಿತೆಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹಳ ಸಾರಿ ಕಾಣುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಮೇ 11ರಂದು ದಿಲ್ಲಿಯ ತಂತಿಮನೆಯ ಇಬ್ಬರು ಹುಡುಗರು ಅಂಬಾಲೆಗೆ ಕಟ್ಟಕಡೆಯ ಸಂದೇಶವನ್ನು ಬಡಿದು ಕಳುಹಿಸಿದರು, ನಿಜ. ಆದರೆ ಸರ್ವಸೇನಾಧಿಪತಿ ಆನ್ಸನ್ ಇದ್ದದ್ದು ಸಿಮ್ಲಾ ಬೆಟ್ಟದ ಮೇಲೆ, ಅಲ್ಲಿಗೆ ತಂತಿಯಿರಲಿಲ್ಲ. ವಿದ್ಯುತ್ತಿನ ವೇಗದಿಂದ ಅಂಬಾಲೆಗೆ ಬಂದ ಸುದ್ದಿಯನ್ನು ಅಲ್ಲಿಂದ ಮೇಲಕ್ಕೆ ಒಯ್ದದ್ದು ಒಬ್ಬ ತರುಣ ಸೈನ್ಯಾಧಿಕಾರಿಯ ಕುದುರೆ. ಸೇನಾಧಿಪತಿಯ ಕೈಗೆ ಅದು ಮರುದಿನ ತಲಪಿತು. ಸುದ್ದಿಯ ವೇಗವೆಂದರೆ ಅದು ಹಾಯುವ ದಾರಿಯಲ್ಲಿ ಅತ್ಯಂತ ನಿಧಾನವಾದ ತುಂಡಿನ ವೇಗವೇ ಹೊರತು, ಅತ್ಯಂತ ಚುರುಕಾದ ತುಂಡಿನದಲ್ಲ.

ಸುರಪುರದಲ್ಲಿ ಆದದ್ದೂ ಇದೇ ಬಗೆಯದು. ರಾಜಾ ವೆಂಕಟಪ್ಪನಾಯಕನು ಚಿಕ್ಕಂದಿನಲ್ಲಿ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನ ಪೋಷಣೆಯಲ್ಲಿ ಬೆಳೆದು, ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದವನು. ಟೇಲರನು 1853ರಲ್ಲಿ ಸುರಪುರವನ್ನು ಬಿಟ್ಟ ಮೇಲೆ ಸಂಸ್ಥಾನದ ಆಡಳಿತ ಆ ತರುಣನ ಕೈಗೆ ಬಂದಿತ್ತು. ಅವನು ದಂಗೆಯ ಮುಂದಾಳು ನಾನಾಸಾಹೇಬನ ದೂತರೊಡನೆ ಮಾತನಾಡುತ್ತಿದ್ದಾನೆಂಬ ಸಂಶಯದ ಮೇಲೆ ಹೈದರಾಬಾದಿನ ರೆಸಿಡೆಂಟನು ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಕಳುಹಿಸಿದನು. ಬೇಡ ಪಡೆಯ ಜಾಲದಲ್ಲಿ ತಂತಿಯಿಲ್ಲ, ಕಾಗದವೂ ಬಹುಮಟ್ಟಿಗೆ ಇಲ್ಲ. ಗುಡ್ಡದ ನೆತ್ತಿಯ ಕಾವಲು, ಊರೂರಿನ ಹುಡೇವುಗಳು, ಬಾಯಿಂದ ಬಾಯಿಗೆ ಹೋಗುವ ಕರೆ. ಎದುರಾಳಿಯ ಕಡೆ ಮೂರು ಸರಕಾರಗಳ ಮೂರು ದಂಡು: ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಪಡೆ, ಪಡುವಣದಿಂದ ಕರ್ನಲ್ ಮಾಲ್ಕಮನ ಮುಂಬಯಿ ಪಡೆ, ತೆಂಕಣದಿಂದ ಹ್ಯೂಸನ ಮದರಾಸು ಪಡೆ. ಪ್ರಾಂತ್ಯದ ಮುಖ್ಯಸ್ಥಳಗಳ ನಡುವೆ ಸುದ್ದಿ ತಂತಿಯ ಮೇಲೆ ಹರಿಯಬಹುದಾಗಿತ್ತು. ಆದರೆ ತಂತಿ ಮುಗಿದ ಎಡೆಯಿಂದ ಗುಡಾರದವರೆಗೆ ಸವಾರ, ಸವಾರನಿಂದಾಚೆಗೆ ಹರಿಗೋಲು, ಹರಿಗೋಲಿನಿಂದಾಚೆಗೆ ಟಪ್ಪೆಯ ಓಟಗಾರ. 1858ರ ಫೆಬ್ರವರಿ 7ರ ರಾತ್ರಿ, ಲಿಂಗಸುಗೂರಿನಿಂದ ಬಂದ ಕ್ಯಾಪ್ಟನ್ ವಿಂಡಮನ ಪಡೆ ಸುರಪುರದ ಗುಡ್ಡಗಳ ನಡುವಣ ಇಕ್ಕಟ್ಟಿನ ಬಯಲಿನಲ್ಲಿ ಇಳಿದುಕೊಂಡಿದ್ದಾಗ, ಬೇಡರು ಅದರ ಮೇಲೆ ಬಿದ್ದರು. ಮೂರು ದಂಡುಗಳು ಒಂದೇ ಹೊತ್ತಿಗೆ ಸುತ್ತುಗಟ್ಟಬೇಕೆಂಬ ಎಣಿಕೆ ಕಾಗದದ ಮೇಲೆ ಇದ್ದಿರಬಹುದು. ಆ ರಾತ್ರಿ ಅಲ್ಲಿದ್ದದ್ದು ಒಂದೇ. ಮರುದಿನದ ಕಾಳಗದಲ್ಲಿ ನ್ಯೂಬೆರಿ ಎಂಬ ಅಧಿಕಾರಿ ಮಡಿದನು. ಕುಮ್ಮಕಿನ ದಳಗಳು ಬಂದು ಕೂಡತೊಡಗಲು, ರಾಜನು ರಾತ್ರಿಯಲ್ಲಿ ಕೋಟೆಯನ್ನು ಬಿಟ್ಟು ಹೈದರಾಬಾದಿನ ದಾರಿ ಹಿಡಿದನು. ಅಲ್ಲಿ ಸೆರೆಯಾಗಿ, ಅದೇ ವರ್ಷದ ಮೇ ತಿಂಗಳಿನಲ್ಲಿ ಸೆರೆವಾಸಕ್ಕೆ ಒಯ್ಯುತ್ತಿದ್ದ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ತೀರಿಕೊಂಡನು. ಪರಿಸಮಾಪ್ತಿಯಲ್ಲಿ ದೊಡ್ಡ ಜಾಲವೇ ಗೆದ್ದಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತನ್ನ ನೆಲದ ಮಟ್ಟಿಗೆ, ಒಂದು ರಾತ್ರಿಯ ಮಟ್ಟಿಗೆ, ಎಲ್ಲಿಯೂ ಹೊಲಿಗೆಯಿಲ್ಲದ ಸಣ್ಣ ಜಾಲವು ಹೊಲಿಗೆ ಹೆಚ್ಚಾದ ದೊಡ್ಡ ಜಾಲಕ್ಕಿಂತ ಮುಂದಿತ್ತು.

ಮುಂಬಯಿಯಿಂದ ಬಂದ ರೈಲುಹಾದಿ ಯಾದಗಿರಿಯನ್ನು ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಾದಿಯೊಡನೆ ಕೂಡಿತು. ಹಳಿಯ ಪಕ್ಕದಲ್ಲಿಯೇ ತಂತಿಕಂಬಗಳೂ ಬಂದವು. ಆದರೂ ಕಂಬಗಳ ಸಾಲಿನಿಂದ ಹರಿದಾರಿ ದೂರದಲ್ಲಿ ನಿಜಾಮ ಸರಕಾರದ ಟಪ್ಪೆ ತನ್ನ ಹಳೆಯ ನಡಿಗೆಯಲ್ಲಿಯೇ ಮುಂದುವರಿಯಿತು. ಭಾರತದ ಅಂಚೆಯೊಳಕ್ಕೆ ಅದು ವಿಲೀನವಾದದ್ದು 1950ರಲ್ಲಿ. ಈ ನಡುವೆ 1911ರ ಫೆಬ್ರವರಿ 15ರಂದು ಭಾರತದ ಸೈನ್ಯದಲ್ಲಿ ಸಂಕೇತದಳವೆಂಬ ಪ್ರತ್ಯೇಕ ವಿಭಾಗ ಹುಟ್ಟಿತು. ಅದುವರೆಗೆ ತಂತಿ ಎಳೆಯುವುದು ಸ್ಯಾಪರ್‌ಗಳೆಂಬ ಎಂಜಿನಿಯರ್ ಸಿಪಾಯಿಗಳ ಕೆಲಸಗಳಲ್ಲಿ ಒಂದಾಗಿತ್ತು.

ಸ್ವಾತಂತ್ರ್ಯಾನಂತರದ ಕತೆಯಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಸ್ಥಾಪನೆಯಾಯಿತು, ಅದರ ಸುತ್ತಲಿನ ಬಡಾವಣೆಯೇ ದೂರವಾಣಿನಗರವೆಂದು ಹೆಸರಾಯಿತು; 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ಸೈನ್ಯದ ಬೆನ್ನಮೇಲಿನ ನಿಸ್ತಂತು ಪೆಟ್ಟಿಗೆಗಳು ಬಹುಪಾಲು ಎರಡನೆಯದರಿಂದಲೂ, ಸೈನ್ಯದ ನೆಲೆಗಳ ನಡುವಣ ಸ್ಥಾಯೀಜಾಲದ ಉಪಕರಣಗಳು ಮೊದಲನೆಯದರಿಂದಲೂ ಹೋಗಿವೆ. ಆಸ್ಕಾನ್ ಎಂಬ ಈ ಸ್ಥಾಯೀಜಾಲದ ನಾಲ್ಕನೆಯ ಹಂತದ ಕೆಲಸವನ್ನು 2020ರಲ್ಲಿ ರಕ್ಷಣಾ ಮಂತ್ರಾಲಯವು ಐಟಿಐಗೆ ವಹಿಸಿತು. ಮೌಲ್ಯ ಸುಮಾರು 7,796 ಕೋಟಿ ರೂಪಾಯಿ. ಹಳೆಯ ಎಟಿಎಂ (ಅಸಿಂಕ್ರನಸ್ ಟ್ರಾನ್ಸ್‌ಫರ್ ಮೋಡ್) ಪದ್ಧತಿಯ ಜಾಲವನ್ನು ಇಂದಿನ ಐಪಿ (ಇಂಟರ್ನೆಟ್ ಪ್ರೋಟೊಕಾಲ್) ಪದ್ಧತಿಗೆ ಏರಿಸಬೇಕು, ದ್ಯುತಿತಂತು, ಮೈಕ್ರೋವೇವ್, ಉಪಗ್ರಹ ಮೂರನ್ನೂ ಬಳಸಬೇಕು ಎಂಬುದು ಅದರ ಸಾರಾಂಶ. ಇಷ್ಟು ದೊಡ್ಡ ಮೊತ್ತವನ್ನು ಕೇಳಿದವರಿಗೆ ಹಳೆಯದನ್ನು ಕಿತ್ತೆಸೆದು ಹೊಸದನ್ನು ಕೂಡಿಸಿಬಿಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗಡಿ ಕಾಯುವ ಸೈನ್ಯವು ದುರಸ್ತಿಗಾಗಿ ಬಾಗಿಲು ಮುಚ್ಚಿದೆ ಎಂದು ಹಲಗೆ ತೂಗುಹಾಕಲಾರದು. ಹೊಸ ಜಾಲದ ಕಟ್ಟಕಡೆಯ ಠಾಣೆ ಬಾಯಿಬಿಡುವವರೆಗೆ ಹಳೆಯದು ಮಾತನಾಡುತ್ತಲೇ ಇರಬೇಕು; ಅಲ್ಲಿಯವರೆಗೆ ಎರಡೂ ಒಂದನ್ನೊಂದು ಕೇಳಿಸಿಕೊಳ್ಳಲೂ ಬೇಕು.

ಕೇಳಿಸಿಕೊಳ್ಳುವುದೆಂದರೆ ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಂದಕದಲ್ಲಿ ಕುಳಿತ ಸಿಪಾಯಿಯ ಹಳೆಯ ನಿಸ್ತಂತು ಪೆಟ್ಟಿಗೆಯಲ್ಲಿ ಏಕಕಾಲಕ್ಕೆ ಒಬ್ಬನೇ ಮಾತನಾಡಬಹುದು. ಗುಂಡಿ ಒತ್ತಿದವನು ಮಾತನಾಡುತ್ತಾನೆ, ಮಿಕ್ಕವರೆಲ್ಲ ಕೇಳುತ್ತಾರೆ; ಅವನು ‘ಓವರ್’ ಎಂದು ಗುಂಡಿ ಬಿಟ್ಟ ಮೇಲೆ ಇನ್ನೊಬ್ಬನ ಸರದಿ. ಹೊಸ ಜಾಲದ ತುದಿಯಲ್ಲಿ ಕುಳಿತ ಅಧಿಕಾರಿಯ ದೂರವಾಣಿಯಲ್ಲಾದರೋ ಇಬ್ಬರೂ ಒಟ್ಟಿಗೆ ಮಾತನಾಡಬಹುದು, ‘ಓವರ್’ ಎನ್ನುವ ಪದ್ಧತಿಯೇ ಇಲ್ಲ. ಇವೆರಡರ ನಡುವೆ ಗೇಟ್‌ವೇ ಎಂಬ ಪೆಟ್ಟಿಗೆಯೊಂದನ್ನು ಇಡುತ್ತಾರೆ. ಅಧಿಕಾರಿಯ ಮಾತು ಮುಗಿಯಿತೋ ಇಲ್ಲವೋ ಎಂಬುದನ್ನು ಆ ಪೆಟ್ಟಿಗೆ ಅವನ ಮೌನದಿಂದ ಊಹಿಸಬೇಕು. ಅವನು ಯೋಚಿಸುತ್ತ ಒಂದು ಗಳಿಗೆ ನಿಂತರೆ ಮಾತು ಮುಗಿಯಿತೆಂದು ಅದು ದಾರಿಯನ್ನು ಕಡಿದುಬಿಡುತ್ತದೆ; ಅವನ ಹಿಂದೆ ಜನರೇಟರು ಗುಡುಗುತ್ತಿದ್ದರೆ ಮಾತು ಮುಗಿಯಲೇ ಇಲ್ಲವೆಂದು ಭಾವಿಸಿ, ಕಂದಕದವನ ಬಾಯಿಗೆ ಬೀಗ ಹಾಕುತ್ತದೆ. ದನಿಯನ್ನು ಅಂಕೆಗಳಾಗಿ ಕಡೆದು ಮತ್ತೆ ದನಿಯಾಗಿಸುವ ಹೊತ್ತಿನಲ್ಲಿ ಮೊದಲನೆಯ ಅಕ್ಷರ ನುಂಗಿಹೋಗುವುದೂ ಉಂಟು. ಅದಕ್ಕಾಗಿಯೇ ನುರಿತ ಆಪರೇಟರನು ಗುಂಡಿ ಒತ್ತಿ, ಒಂದು ಉಸಿರನ್ನು ತಡೆದು, ಆಮೇಲೆ ಬಾಯಿ ತೆರೆಯುತ್ತಾನೆ. ಅವನ ಎದುರಿಗಿರುವ ಅಧಿಕಾರಿ ಈ ಅಭ್ಯಾಸವನ್ನು ಯಾವ ಶಾಲೆಯಲ್ಲಿ ಕಲಿತಿದ್ದಾನು?

ಇದಕ್ಕಿಂತ ಗಹನವಾದದ್ದು ಗೋಪ್ಯದ ಪ್ರಶ್ನೆ. ಹಳೆಯ ಪೆಟ್ಟಿಗೆಯ ಗುಪ್ತಲಿಪಿ ಒಂದು ಬಗೆಯದು, ಅಥವಾ ಏನೂ ಇಲ್ಲದ್ದು. ಹೊಸದರದ್ದು ಬೇರೊಂದು ಬಗೆಯದು. ಒಂದರಿಂದ ಇನ್ನೊಂದಕ್ಕೆ ಹಾಯುವಾಗ ಮಾತು ಒಂದು ಕ್ಷಣವಾದರೂ ತನ್ನ ಹೊದಿಕೆಯನ್ನು ಕಳಚಿ ಬತ್ತಲೆಯಾಗಿ ನಿಲ್ಲಬೇಕು. ಆ ಕ್ಷಣದಲ್ಲಿ ಅದು ಎಲ್ಲಿದೆ, ಅದರ ಬಳಿ ಯಾರಿದ್ದಾರೆ, ಆ ಪೆಟ್ಟಿಗೆಯ ಬೀಗದಕೈ ಯಾರ ಸೊಂಟದಲ್ಲಿದೆ ಎಂಬುದರ ಮುಂದೆ ಮಿಕ್ಕ ತಾಂತ್ರಿಕ ಚರ್ಚೆಗಳು ನನಗೆ ಹಗುರವಾಗಿ ಕಾಣುತ್ತವೆ. ವಾಗಣಗೇರಾದ ಮುಂದೆ ಬಿದಿರಿನ ಕೊಳವೆಯ ಮುದ್ರೆಯನ್ನು ಯಾರೂ ಒಡೆದಿರಲಿಲ್ಲ. ಕೊಳವೆಯನ್ನು ಸೇರುವ ಮೊದಲೇ ಸುದ್ದಿ ಕೆಟ್ಟಿತ್ತು.

ಹೊರೆಯ ಲೆಕ್ಕವೂ ಉಂಟು. ದೂರದ ಠಾಣೆಗೆ ಹೋಗುವ ಹ್ರಸ್ವತರಂಗದ ಹಳೆಯ ದಾರಿ ಸೆಕೆಂಡಿಗೆ 2,400 ಬಿಟ್‌ಗಳಷ್ಟನ್ನು ಹೊತ್ತರೆ ಅದೇ ಅದರ ಭಾಗ್ಯ. ಹೊಸ ಜಾಲವು ಬಣ್ಣಬಣ್ಣದ ಭೂಪಟಗಳನ್ನೂ ಚಲಿಸುವ ಚಿತ್ರಗಳನ್ನೂ ಆ ದಾರಿಯ ಮೇಲೆ ಹೇರತೊಡಗಿದರೆ ಭೂಪಟ ಬರುವ ಹೊತ್ತಿಗೆ ಶತ್ರು ಆ ಭೂಪಟದಿಂದಲೇ ಹೊರಗೆ ಹೋಗಿರುತ್ತಾನೆ. ಇಲ್ಲಿ ಹೊಸದು ಹಳೆಯದರಿಂದ ಮಿತಭಾಷಿತ್ವವನ್ನು ಕಲಿಯಬೇಕಾಗುತ್ತದೆ. ಅತಿ ತುರ್ತಾದದ್ದು ಮೊದಲು, ಸಾಮಾನ್ಯವಾದದ್ದು ಕೊನೆಗೆ ಎಂದು ಸಂದೇಶದ ನೆತ್ತಿಯ ಮೇಲೆಯೇ ದರ್ಜೆಯನ್ನು ಬರೆಯುವ ತಂತಿಮನೆಯ ಕಾಲದ ಕಟ್ಟಳೆ ಇಂದಿನ ಸೈನ್ಯಜಾಲಗಳಲ್ಲಿಯೂ ಉಳಿದುಬಂದಿರುವುದು ಹಳಬರ ಮೇಲಿನ ಪ್ರೀತಿಯಿಂದಲ್ಲ. ನಮ್ಮ ದೇಶದ ಸಾರ್ವಜನಿಕ ತಂತಿ 2013ರ ಜುಲೈಯಲ್ಲಿ ನಿಂತುಹೋಯಿತು, ಅದರ ಕಟ್ಟಳೆ ನಿಲ್ಲಲಿಲ್ಲ.

ಹಳೆಯದನ್ನು ಉಳಿಸಿಕೊಳ್ಳುವುದರಲ್ಲಿ ಒಡಿಶಾದ ಪೊಲೀಸರಷ್ಟು ದೂರ ಹೋದವರು ವಿರಳ. ಸೈನ್ಯವು ಬಿಟ್ಟುಕೊಟ್ಟ ಪಾರಿವಾಳಗಳಿಂದ 1946ರಲ್ಲಿ ಅವರು ಕೋರಾಪುಟ್ಟಿನಲ್ಲಿ ಪಾರಿವಾಳದ ಅಂಚೆಯನ್ನು ಆರಂಭಿಸಿದರು. 1999ರ ಮಹಾಚಂಡಮಾರುತದಲ್ಲಿ ಕಂಬಗಳೆಲ್ಲ ನೆಲಕ್ಕೊರಗಿದಾಗ ಆ ಹಕ್ಕಿಗಳು ಸರಕಾರದ ಕೆಲಸಕ್ಕೆ ಒದಗಿದವು. 2008ರವರೆಗೂ ಆ ಸೇವೆ ನಡೆಯಿತು. ಇದನ್ನು ಕೇಳಿ ನಕ್ಕವರು ಉಕ್ರೇನಿನ ಯುದ್ಧದ ವರ್ತಮಾನಗಳನ್ನು ನೋಡಬೇಕು. 2022ರಿಂದ ನಡೆದಿರುವ ಆ ಯುದ್ಧದಲ್ಲಿ ನಿಸ್ತಂತು ಮಾತನಾಡಿದ ಕಡೆಗೆ ಫಿರಂಗಿಯ ಗುಂಡು ಹುಡುಕಿಕೊಂಡು ಬರುತ್ತಿರಲು, ಉಪಗ್ರಹಜಾಲದಲ್ಲಿ ನುರಿತ ಸೈನಿಕರೇ ಸೋವಿಯತ್ ಕಾಲದ ಕೈತಿರುಗಣಿಯ ಟಿಎ-57 ದೂರವಾಣಿಗಳನ್ನು ಉಗ್ರಾಣದಿಂದ ತೆಗೆದು ಕಂದಕಗಳಲ್ಲಿ ತಂತಿ ಎಳೆದುಕೊಂಡಿದ್ದಾರೆ. ಆಕಾಶಕ್ಕೆ ಏನನ್ನೂ ಬಿಡದ ತಂತಿಯನ್ನು ಆಕಾಶದಿಂದ ಹುಡುಕುವುದು ಕಷ್ಟ.

ಮತ್ತೆ ನಮ್ಮ ಹೊಳೆಗಳ ಬಳಿಗೆ ಬರುತ್ತೇನೆ. ಈ ನಾಡಿನವರು ಸೈನ್ಯವನ್ನು ಇಂದು ಕಾಣುವುದಾದರೆ ಅದು ಯುದ್ಧದಲ್ಲಿ ಅಲ್ಲ, ನೆರೆಯಲ್ಲಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಛಾಯಾಭಗವತಿಯ ಸನ್ನಿಧಿ ಮುಳುಗುತ್ತದೆ, ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ಕೊಳ್ಳೂರಿನ ಸೇತುವೆಯ ಮೇಲೆ ನೀರು ಹರಿಯುತ್ತದೆ, ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರು ದಂಡೆಯಿಂದ ದೂರವಾಗುತ್ತದೆ. ಅಂಥ ಹೊತ್ತಿನಲ್ಲಿ ದೋಣಿಗಳೊಡನೆ ಸೈನ್ಯದ ತುಕಡಿಯೊಂದು ಬಂದು ನಿಂತಿತೆನ್ನಿ. ಅದರ ಕೈಯಲ್ಲಿ ತನ್ನದೇ ಗುಪ್ತಲಿಪಿಯ ನಿಸ್ತಂತು; ಪೊಲೀಸರ ಕೈಯಲ್ಲಿ ಅವರ ನಿಸ್ತಂತು; ತಹಶೀಲ್ದಾರರ ಕೈಯಲ್ಲಿ ಮೊಬೈಲು; ಊರೊಳಗೆ ತಳವಾರನ ಡಂಗುರ. ಅಣೆಕಟ್ಟಿನಿಂದ ಇಂತಿಷ್ಟು ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಸಂಖ್ಯೆ ಮೊದಲ ಮೂರು ಜಾಲಗಳಲ್ಲಿ ಚಾಚೂ ತಪ್ಪದೆ ಹಾಯಬಲ್ಲದು. ನಾಲ್ಕನೆಯದಕ್ಕೆ ಬಂದಾಗ ಕ್ಯೂಸೆಕ್ಕೆಂಬುದು ಯಾರಿಗೂ ಏನೂ ಹೇಳುವುದಿಲ್ಲ. ನೀರು ಹನುಮಪ್ಪನ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬಂದೀತು, ದನಗಳನ್ನು ಯಾವ ಹೊತ್ತಿಗೆ ಬಿಚ್ಚಬೇಕು ಎಂಬುದು ಅಲ್ಲಿಯ ಪ್ರಶ್ನೆ. ಸಂಖ್ಯೆಯನ್ನು ಮೆಟ್ಟಿಲಾಗಿಸಿ ಹೇಳುವವನು, ಆ ಊರಿನ ಹಿಂದಿನ ನೆರೆಗಳನ್ನು ಕಂಡ ಒಬ್ಬ ಮನುಷ್ಯ.

ಆತನನ್ನು ಯಾವ ಸೈನ್ಯದ ನಕ್ಷೆಯಲ್ಲಿಯೂ ಜಾಲದ ಭಾಗವೆಂದು ಗುರುತು ಹಾಕಿರುವುದಿಲ್ಲ. ಹಾಕಬೇಕೆಂಬುದು ನನ್ನ ಅಭಿಪ್ರಾಯ. ಜಿಲ್ಲೆಯಲ್ಲಿ ನೆರೆಯ ಅಣಕು ಕಾರ್ಯಾಚರಣೆಗಳನ್ನು ನಡೆಸುವಾಗ ದೋಣಿಗಳನ್ನೂ ಹಗ್ಗಗಳನ್ನೂ ಪರೀಕ್ಷಿಸಿ ಮುಗಿಸುವುದರ ಬದಲು, ಸಂಕೇತದಳದ ಆಪರೇಟರನೊಬ್ಬನನ್ನೂ ಪೊಲೀಸ್ ನಿಸ್ತಂತಿನವನೊಬ್ಬನನ್ನೂ ಆ ಊರಿನ ತಳವಾರನನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ, ಅಣೆಕಟ್ಟಿನಿಂದ ಹೊರಟ ಒಂದು ಸಂದೇಶವು ಡಂಗುರವಾಗುವವರೆಗೆ ಎಷ್ಟು ಹೊತ್ತು ಹಿಡಿಯಿತು, ದಾರಿಯಲ್ಲಿ ಏನು ಉದುರಿಹೋಯಿತು ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಮೊಬೈಲು ಗೋಪುರವನ್ನು ಬೇಕೆಂದೇ ಲೆಕ್ಕದಿಂದ ತೆಗೆದು ಇನ್ನೊಮ್ಮೆ ಮಾಡಬೇಕು. ಇದಕ್ಕೆ ಕೋಟಿಗಳ ಗುತ್ತಿಗೆ ಬೇಕಾಗಿಲ್ಲ. ಮೃಗಶಿರೆಯ ಮಳೆಗೆ ಮುನ್ನ, ಕೃಷ್ಣೆಯಲ್ಲಿ ಇನ್ನೂ ಬಂಡೆಗಳು ಕಾಣುತ್ತಿರುವಾಗ, ಅದಕ್ಕೆ ಬೇಕಾದಷ್ಟು ದಿನಗಳು ಸಿಕ್ಕುತ್ತವೆ.